ಕ್ರೇನಿನ ಏಣಿಯ ಅಚ್ಚು

ಅತ್ತಿಗೆಗೆ ನಮಸ್ಕಾರ.

ನೀವು ಕೊಟ್ಟ ಬಿಳಿ ಹೊದಿಕೆಯನ್ನು ಹರಿದು ಪಟ್ಟಿ ಮಾಡಿದ್ದೇವೆ, ಬೈಯಬೇಡಿ. ಇಲ್ಲಿನ ಉಕ್ಕಿನ ಕಾರ್ಖಾನೆಯ ಅಂಗಳದಲ್ಲಿ ನಾವು ಮೂವರು ಕಲಾವಿದೆ ಗೆಳತಿಯರು ಹಳೇ ಕಬ್ಬಿಣಕ್ಕೆ ಒದ್ದೆ ಬಟ್ಟೆ ಸುತ್ತಿಡುತ್ತೇವೆ. ಮಾರನೇ ದಿನ ಬಿಚ್ಚಿದರೆ ಬಟ್ಟೆಯ ಮೇಲೆ ತುಕ್ಕಿನ ಚಿತ್ರ ಮೂಡಿರುತ್ತದೆ. ಭಾನುವಾರ ಇವನ್ನೆಲ್ಲ ಇಲ್ಲೇ ಪ್ರದರ್ಶನಕ್ಕೆ ಇಡುತ್ತೇವೆ.

ಇವತ್ತು ಬೆಳಿಗ್ಗೆ ಕ್ರೇನಿನ ಏಣಿಗೆ ಸುತ್ತಿದ್ದನ್ನು ಬಿಚ್ಚಿದೆವು. ಪ್ರತಿ ಮೆಟ್ಟಿಲ ಅಚ್ಚೂ ಬಲಕ್ಕೆ ಕೆಂಪು, ಎಡಕ್ಕೆ ಬರೀ ಬಿಳಿ. ಯಾಕಿರಬಹುದು ಅಂತ ನಾವು ತಲೆ ಕೆರೆದುಕೊಳ್ಳುತ್ತಿದ್ದಾಗ ಕ್ರೇನ್ ನಡೆಸುವ, ಇಲ್ಲಿ ಎಲ್ಲರೂ ದೊಡ್ಡಮ್ಮ ಅಂತ ಕರೆಯುವ ಹೆಂಗಸು ಬಂದರು. ಆ ಏಣಿ ಹತ್ತುವವರು ಅವರೊಬ್ಬರೇ. ಬಟ್ಟೆ ನೋಡಿದ್ದೇ ಅವರ ಮುಖ ಸಪ್ಪಗಾಯಿತು.

"ಎಡಗಾಲೇ ಊರಿ ಊರಿ ಅಲ್ಲಿ ತುಕ್ಕು ಹತ್ತಿಲ್ಲ ಕಣ್ರಮ್ಮ. ಬಲಮಂಡಿ ನಂಗೆ ಭಾರ ತಡಿಯಲ್ಲ. ಮೇಸ್ತ್ರಿಗೆ ಗೊತ್ತಾದ್ರೆ ಕೆಳಗಿನ ಕೆಲಸಕ್ಕೆ ಹಾಕ್ಬಿಡ್ತಾನೆ. ಅಷ್ಟು ಎತ್ತರದಲ್ಲಿ ಕೂತು ಅಭ್ಯಾಸ ಆದವಳು, ಇಲ್ಲಿ ನಿಂತು ಏನ್ ಮಾಡ್ಲಿ?"

ಭಾನುವಾರದ ಪ್ರದರ್ಶನಕ್ಕೆ ಮೇಸ್ತ್ರಿಯೂ ಬರುತ್ತಾನೆ. ನಾವು ಮಾಡಿದ್ದರಲ್ಲೆಲ್ಲ ಆ ಏಣಿಯ ಬಟ್ಟೆಯೇ ಚೆನ್ನಾಗಿತ್ತು. ಆದರೂ ನಮ್ಮಲ್ಲಿ ಮಡಕೆ ಮಾಡುವವಳು ಅದನ್ನು ಮಡಚಿ ದೊಡ್ಡಮ್ಮನ ಕೈಗಿಟ್ಟಳು. ಅವರು ಅದನ್ನು ತಲೆಗೆ ಸುತ್ತಿಕೊಂಡು ಏಣಿ ಹತ್ತಿದರು.

ಸಂಜೆ ಕೆಲಸ ಬಿಡುವ ಹೊತ್ತಿಗೆ ಕ್ರೇನಿನ ದೊಡ್ಡ ಕೊಕ್ಕೆ ನಿಧಾನವಾಗಿ ಇಳಿದು ಬಂದು ನಮ್ಮ ಎದೆಮಟ್ಟಕ್ಕೆ ನಿಂತಿತು. "ಇದರ ಅಚ್ಚು ತಗೊಳ್ಳಿ," ಅಂತ ದೊಡ್ಡಮ್ಮ ಮೇಲಿಂದ ಕೂಗಿದರು.

ಧನುರ್ವಾಯುವಿನ ಇಂಜೆಕ್ಷನ್ ಹಾಕಿಸಿಕೊಂಡಿದ್ದೇನೆ, ಅಣ್ಣನಿಗೆ ಹೇಳಿ. ಬಟ್ಟೆ ಹಿಂಡಲು ಕರೆಯುತ್ತಿದ್ದಾರೆ, ಓಡಬೇಕು.

ನಿಮ್ಮ ನಾದಿನಿ