ಹೊಲಿಗೆ ಒಣಗಿದ ಮೇಲೆ

ಮಾರ್ಚ್ 3, ಬೆಳಿಗ್ಗೆ

ಮತ್ತೆ ಮಗ್ಗುಲಿಗೆ ಹೊರಳಿ, ಕೈ ಊರಿ, ನಿಧಾನಕ್ಕೆ ಎದ್ದೆ. ನರ್ಸ್ ಹೇಳಿಕೊಟ್ಟ ಹಾಗೆ. ಕೆಮ್ಮು ಬಂದರೆ ಹೊಟ್ಟೆಗೆ ದಿಂಬು ಒತ್ತಿ ಹಿಡಿಯಬೇಕು. ಸೀನು ಬಂದರೆ ದೇವರೇ ಗತಿ. ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಜೀವ ಬಾಯಿಗೆ ಬರುತ್ತದೆ. ನೋವಿನ ಮಾತ್ರೆ ಹಾಗೇ ಇಟ್ಟಿದ್ದೇನೆ. ಹಾಲಿನಲ್ಲಿ ಇಳಿದು ಮಗುವಿಗೆ ಹೋದರೆ? ಯಾರನ್ನೂ ಕೇಳಲಿಲ್ಲ. ಅಮ್ಮ ಇದ್ದಿದ್ದರೆ ಕೇಳುತ್ತಿದ್ದೆ. ಅಮ್ಮ ತೀರಿಕೊಂಡಾಗ ಮಗು ಹೊಟ್ಟೆಯಲ್ಲಿ ಒದೆಯುತ್ತಿತ್ತು. ಬಸುರಿ, ಅಳಬೇಡ ಅಂದರು. ಸುಮ್ಮನಾದೆ.

ಅತ್ತೆ ಮಗುವಿಗೆ ಮೇಸ್ತ್ರಿ ಅಂತ ಹೆಸರಿಟ್ಟಿದ್ದಾರೆ. "ಏನು ಕೂಗು ಕಣೇ ಇದರದ್ದು! ಯಾರನ್ನೂ ಒಂದು ಗಳಿಗೆ ಕೂರೋಕೆ ಬಿಡಲ್ಲ. ಹೆಣ್ಣು ಮೇಸ್ತ್ರಿ!" ಇವರು ನಕ್ಕರು. ನಕ್ಕರೆ ಹೊಲಿಗೆ ಎಳೆಯುತ್ತದೆ, ಅದಕ್ಕೇ ನಾನು ನಗಲಿಲ್ಲ ಅಂದುಕೊಂಡರು. ನಾನೂ ಹಾಗೇ ಅಂದುಕೊಂಡೆ.

ಮಾರ್ಚ್ 5

ನರ್ಸ್ ಫೋನ್ ಮಾಡಿದ್ದರು. ಮಾತ್ರೆ ನುಂಗಿಲ್ಲ ಅಂದೆ.

"ಅಯ್ಯೋ, ಯಾಕಮ್ಮಾ? ಹಾಲು ಕುಡಿಸ್ತೀರ ಅಂತ ನೋಡಿಯೇ ಬರೆದುಕೊಟ್ಟಿರೋದು. ನೋವು ಏರೋವರೆಗೂ ಕಾಯಬಾರದು, ಹೇಳಿದ ಹೊತ್ತಿಗೆ ತಗೋಬೇಕು. ತಡ್ಕೊಂಡು ಯಾರಿಗೆ ತೋರಿಸ್ಬೇಕು?"

ನುಂಗಿದೆ. ಸಂಜೆಗೆ ಗಾಯ ಹಗುರಾಯಿತು. ನನ್ನ ಅಳು ನಿಲ್ಲಲಿಲ್ಲ. ಮಾತ್ರೆ ಇನ್ನೂ ಪೂರ್ತಿ ಹಿಡಿದಿಲ್ಲವೇನೋ...

ಮಾರ್ಚ್ 6

ಇವರು ಮಗುವನ್ನು ತಂದು ಮಡಿಲಲ್ಲಿಟ್ಟರು. ಲಾರಿ ಓಡಿಸುವ ಕೈ, ಮಗುವನ್ನು ಗಾಜಿನ ಲೋಟದ ಹಾಗೆ ಹಿಡಿಯುತ್ತದೆ. ನೋಡಿದೆ. ಯಾರದೋ ಮಗು ಅನ್ನಿಸಿತು. ಆಪರೇಷನ್ ಹೊತ್ತಿಗೆ ನನಗೆ ಪ್ರಜ್ಞೆ ಇರಲಿಲ್ಲ. ಎಚ್ಚರವಾದಾಗ ತೋರಿಸಿ, ನಿಮ್ಮದು ಅಂದರು. ಹೂಂ ಅಂದಿದ್ದೆ.

"ಹೊಲಿಗೆ ನೋಯ್ತಿದೆ, ಎತ್ಕೊಳ್ಳಿ" ಅಂದೆ. ತಕ್ಷಣ ಎತ್ತಿಕೊಂಡರು. ನೋಯುತ್ತಿತ್ತೇ? ಗೊತ್ತಿಲ್ಲ.

ಮಾರ್ಚ್ 27

ಬರೆಯಲಿಲ್ಲ. ಪೆನ್ನು ಪಕ್ಕದಲ್ಲೇ ಇತ್ತು.

ಹೊಲಿಗೆ ಅಂದರೆ ಸಾಕು, ಮುಂದೆ ಯಾರೂ ಕೇಳುವುದಿಲ್ಲ. ತಲೆ ಬಾಚದಿದ್ದರೆ ಹೊಲಿಗೆ. ಊಟ ಸೇರದಿದ್ದರೆ ಹೊಲಿಗೆ. ಪಕ್ಕದ ಮನೆಯಾಕೆ ಬಂದು, "ನಿನಗೇನಮ್ಮ, ನಿದ್ದೆಯಲ್ಲೇ ಹೆತ್ತೆ" ಅಂದಳು. ಅತ್ತೆ ಬಿಡಲಿಲ್ಲ. "ಹೌದೌದು, ನೀನೂ ಒಂದ್ಸಲ ಹೊಟ್ಟೆ ಕುಯ್ಸಿಕೊಂಡು ಬಾ. ನಿದ್ದೆ ಹೇಗಿತ್ತು ಅಂತ ಆಮೇಲೆ ಕೇಳ್ತೀನಿ." ಆಕೆ ಟೀ ಅರ್ಧಕ್ಕೇ ಬಿಟ್ಟು ಎದ್ದಳು.

ಇಂಥ ಅತ್ತೆಗೆ ಸುಳ್ಳು ಹೇಳುತ್ತಿದ್ದೇನಾ? ಸುಳ್ಳೋ ನಿಜವೋ ನನಗೇ ತಿಳಿಯುತ್ತಿಲ್ಲ. ಡಾಕ್ಟರ್ ಗಾಯ ಒಣಗಿದೆ ಅಂದ ದಿನ ಅತ್ತೆ ತಮ್ಮ ಮನೆಗೆ ಹೊರಡುತ್ತಾರೆ. ಅಲ್ಲಿ ಮಾವ ಒಬ್ಬರೇ. ಇವರು ಲಾರಿ ಹತ್ತಿದರೆ ಬರುವುದು ಯಾವಾಗಲೋ. ಆಮೇಲೆ ನಾನು, ಮಗು. ಗಾಯ ಒಣಗದಿರಲಿ ಅಂತ ಬೇಡಿಕೊಳ್ಳುವವರು ಇರುತ್ತಾರಾ?

ಏಪ್ರಿಲ್ 9

"ಚೆನ್ನಾಗಿ ಒಣಗಿದೆ. ಇನ್ನೇನು, ಆರಾಮಾಗಿ ಓಡಾಡಿ" ಅಂದರು ಡಾಕ್ಟರ್.

ಅತ್ತೆ ಮುಖ ಅರಳಿತು. ನಾನು ಗಳಗಳ ಅತ್ತುಬಿಟ್ಟೆ. ನೋಯುತ್ತದೆ ಅಂದೆ. ಡಾಕ್ಟರ್ ಮತ್ತೆ ಒತ್ತಿ ನೋಡಿ, ಏನೂ ಇಲ್ಲವಲ್ಲ ಅಂದರು. ಪಕ್ಕದಲ್ಲಿ ನಿಂತಿದ್ದವರು ಫೋನ್ ಮಾಡಿದ್ದ ನರ್ಸ್.

"ಎಲ್ಲಿ, ಕೈಯಿಟ್ಟು ತೋರಿಸಿ?"

ಕೈ ಹೊಟ್ಟೆಯ ಹತ್ತಿರ ಹೋಯಿತು. ಅಲ್ಲಲ್ಲ. ಎದೆ? ಅಲ್ಲೂ ಅಲ್ಲ. ಹಣೆ? ಎಲ್ಲಿಡಬೇಕೋ ತಿಳಿಯದೆ ಕೈಯನ್ನು ಹಾಗೇ ಗಾಳಿಯಲ್ಲಿ ಹಿಡಿದು ಕೂತೆ.

ಅತ್ತೆಯನ್ನು ಹೊರಗೆ ಕಳಿಸಿ ನರ್ಸ್ ಮೆಲ್ಲಗೆ ಕೇಳಿದರು. "ಮಗು ಜೊತೆ ಒಬ್ಬರೇ ಇರೋಕೆ ಭಯವಾ?" ಹೂಂ. "ಬದುಕೋದು ಬೇಡ ಅನ್ನಿಸುತ್ತಾ?" ಬೆಳಿಗ್ಗೆ ಎಚ್ಚರ ಆಗದಿದ್ದರೆ ಚೆನ್ನಾಗಿತ್ತು ಅನ್ನಿಸುತ್ತೆ, ಅಂದೆ. ಹೇಳಿದ್ದು ನನ್ನ ಬಾಯಿಯೇ.

"ಇದೂ ಹೆರಿಗೆ ಆದಮೇಲೆ ಬರೋ ಕಾಯಿಲೆನೇ. ನಿಮ್ಮ ತಪ್ಪಲ್ಲ. ವಾಸಿ ಆಗುತ್ತೆ. ಅಲ್ಲಿವರೆಗೆ ಒಬ್ಬರೇ ಇರಬಾರದು."

ಅತ್ತೆಗೂ ಹೇಳಿದರು. ಆಟೋದಲ್ಲಿ ಅತ್ತೆ ಬಯ್ಯುತ್ತಾರೆ ಅಂದುಕೊಂಡೆ. ಫೋನ್ ತೆಗೆದು ಮಾವನಿಗೆ ಮಾಡಿದರು. "ನಾನೀಗ ಬರಲ್ಲ. ನೀವೇ ಬೇಯಿಸ್ಕೊಳ್ಳಿ... ಉಪ್ಪು ಎಲ್ಲಿದೆ ಅಂತ ನನ್ನ ಕೇಳ್ಬೇಡಿ. ಮನೆ ನಿಮ್ಮದೇ ಅಲ್ವಾ, ಹುಡುಕಿ!"

ಏಪ್ರಿಲ್ 12, ಹನ್ನೊಂದು ಗಂಟೆ

ಮನಸ್ಸಿನ ಡಾಕ್ಟರ ಕೋಣೆಯ ಹೊರಗೆ, ಬೆಂಚಿನ ಮೇಲೆ. ಇವರು ಮಗುವನ್ನು ಹೆಗಲಿಗೆ ಹಾಕಿಕೊಂಡು ಓಡಾಡುತ್ತಿದ್ದಾರೆ.

"ಒಳಗೆ ಏನ್ ಹೇಳ್ತೀಯ?"

"ಗೊತ್ತಿಲ್ಲ."

"ಗೊತ್ತಿಲ್ಲ ಅಂತಾನೇ ಹೇಳು. ನಾನೂ ಬರ್ಲಾ?"

ಬೇಡ ಅಂದೆ. ಆಮೇಲೆ ಬನ್ನಿ ಅಂದೆ.

ಅಮ್ಮನಿಗಾಗಿ ಅಳುವುದು ಯಾವುದು, ಮಗುವಿಗೆ ಹೆದರಿ ಅಳುವುದು ಯಾವುದು... ಬಿಡಿಸಲು ಹೋದರೆ ಇನ್ನೂ ಗಂಟಾಗುತ್ತದೆ. ಮಗು ಈ ಕಡೆ ನೋಡುತ್ತಿದೆ. ನನ್ನನ್ನೋ, ನನ್ನ ಹಿಂದಿನ ಕಿಟಕಿಯನ್ನೋ.

ಕರೆಯುತ್ತಿದ್ದಾರೆ. ಹೀಗೆ ಶುರು ಮಾಡಬೇಕು — ಡಾಕ್ಟರೇ, ಹೊಲಿಗೆ ಅಲ್ಲ, ನನಗೆ