ಸೇರಿಗೆ ಒರಗಿಸಿದ ಫೋನು

ಹಳೇಕೋಟೆ
೧೪-೧೧-೨೦೨೫, ಶುಕ್ರವಾರ

ನನ್ನ ಬಂಗಾರ ಮಾನಸಾಗೆ, ನಿನ್ನ ಅವ್ವ ದೂರದಿಂದಲೇ ತಲೆ ಸವರಿ ಬರೆಯೋ ಕಾಗದ.

ಫೋನಿರುವಾಗ ಅವ್ವನಿಗೆ ಇದೇನು ಪೋಸ್ಟಿನ ಹುಚ್ಚು ಅಂತ ನಗಬೇಡ. ಫೋನಿನಲ್ಲಿ ನನ್ನ ಮುಖ ನಿನಗೆ ಕಾಣುತ್ತೆ. ಈಗ ಹೇಳೋದನ್ನ ಹೇಳುವಾಗ ಅದು ಕಾಣಬಾರದು.

ಮೊದಲು ಫೋನಿನ ಸಮಾಚಾರ. ನಿನ್ನ ಸಂಬಳದಲ್ಲಿ ಕೊಡಿಸಿದ್ದು ಹೆಂಗಿದೆ ಅಂತ ದಿನಾ ಕೇಳ್ತೀಯಲ್ಲ. ಅಬ್ಬಬ್ಬಾ, ಏನು ತೆಳುವು ಕಣವ್ವ! ನಾನು ತಟ್ಟೋ ಅಕ್ಕಿರೊಟ್ಟಿ ಇದಕ್ಕಿಂತ ದಪ್ಪ. ಸೊಂಟಕ್ಕೆ ಸಿಕ್ಕಿಸಿಕೊಂಡರೆ ಇದೆಯೋ ಇಲ್ಲವೋ ತಿಳಿಯಲ್ಲ. ಹಂಗೇ ಒಂದಿನ ಜಾರಿ ಕೊಟ್ಟಿಗೆಯ ಹುಲ್ಲಿಗೆ ಬಿದ್ದು, ಹಸು ಮೂಸಿ ನೋಡಿತ್ತು. ಏನೂ ಆಗಿಲ್ಲ, ಹೆದರಬೇಡ. ನಮ್ಮಿಬ್ಬರಿಗೂ ಮಾತಾಡೋಕೆ ಎರಡೂ ಕೈ ಬೇಕಲ್ಲ, ಅದಕ್ಕೆ ರಾಗಿ ಅಳೆಯೋ ಸೇರಿಗೆ ಒರಗಿಸಿ ಇಡ್ತೀನಿ. ಆ ನುಣುಪಿಗೆ ಅಲ್ಲಿಂದಲೂ ಜಾರುತ್ತೆ. ಅರ್ಧ ಗಂಟೆ ಆಯ್ತು ಅಂದರೆ ಅದರ ಬೆನ್ನು ಕಾದ ಬಾಣಲೆ. ನಿಮ್ಮಪ್ಪನದು ಇನ್ನೊಂದು ರಾಗ, ಇಷ್ಟು ಚೆಂದದ ಫೋನಿಗೆ ಗಂಟಲೇ ಇಲ್ಲ, ಹಾಡು ಹಾಕಿದರೆ ಸೊಳ್ಳೆ ಗುಂಯ್‌ಗುಟ್ಟಿದಂಗೆ ಕೇಳುತ್ತೆ ಅಂತ. ಹುಟ್ಟಿದಾಗಿನಿಂದ ಕಿವಿ ಕೇಳದ ಮಗಳ ಜೊತೆ ಮಾತಾಡೋ ಫೋನಿಗೆ ಗಂಟಲು ಯಾಕೆ ಅಂದೆ.

ಆದರೆ ಆ ಚಿತ್ರ! ದೇವರಾಣೆ, ನೀನು ಹಾಸನದಲ್ಲಿ ಗಾರ್ಮೆಂಟ್ಸ್ ಮುಗಿಸಿ ಬಂದು ಕೂತರೆ ಕೂದಲಿಗೆ ಅಂಟಿದ ನೂಲಿನ ಎಳೆಯೂ ಇಲ್ಲಿಗೆ ಕಾಣುತ್ತೆ. ಕೈ ಚಾಚಿ ತೆಗೆಯೋಕೆ ಹೋಗಿದ್ದೀನಿ ಎಷ್ಟೋ ಸಲ.

ಕಳೆದ ಭಾನುವಾರ ನೀನು ರುದ್ರೇಶನನ್ನು ಪಕ್ಕದಲ್ಲಿ ಕೂರಿಸಿಕೊಂಡು ಬಂದೆ. ಇವನಿಗೂ ಕಿವಿ ಕೇಳಲ್ಲ, ನಮ್ಮ ಸಾಲಿನಲ್ಲೇ ಹೊಲೀತಾನೆ, ಮದುವೆಯಾಗಲಾ ಅವ್ವ ಅಂತ ಚೀಟಿ ಬರೆದು ತೋರಿಸಿದೆ. ಅಷ್ಟರಲ್ಲಿ ಫೋನು ಆಫ್ ಆಯ್ತು. ಬ್ಯಾಟರಿ ಮುಗಿದಿತ್ತು ಅಂತ ಆಮೇಲೆ ನಾನು ನಿಮ್ಮಪ್ಪನ ಕೈಲಿ ಮೆಸೇಜ್ ಹಾಕಿಸಿದೆ.

ಇದರ ಬ್ಯಾಟರಿಗೆ ತ್ರಾಣ ಇಲ್ಲ ಅನ್ನೋದು ನಿಜ, ಮಧ್ಯಾಹ್ನ ಮುದ್ದೆ ಕಟ್ಟೋ ಹೊತ್ತಿಗೆ ಸುಸ್ತಾಗುತ್ತೆ. ಆದರೆ ಆವತ್ತು ಅರವತ್ತೆರಡು ಪರ್ಸೆಂಟ್ ಇತ್ತು. ಆಫ್ ಮಾಡಿದ್ದು ನಾನು. ಇಬ್ಬರಿಗೂ ಕೇಳದಿದ್ದರೆ ನಾಳೆ ಮಗು ಅತ್ತಾಗ ಯಾರು ಏಳ್ತಾರೆ ಅನ್ನೋ ಭಯಕ್ಕೆ ಬಟನ್ ಒತ್ತಿಬಿಟ್ಟೆ. ಪಾಪ, ನೀನು ನನ್ನ ಮಾತು ನಂಬಿ ಬೇರೆ ಫೋನು ಕೊಡಿಸ್ತೀನಿ ಅಂತಿದ್ದೀಯ.

ಚೀಟಿ ತೋರಿಸೋಕೆ ಮುಂಚೆ ನೀವಿಬ್ಬರೂ ನಿಮ್ಮೊಳಗೇ ಏನೋ ಮಾತಾಡಿಕೊಂಡಿರಲ್ಲ, ಅದು ಐದು ದಿನದಿಂದ ಕಣ್ಣು ಬಿಟ್ಟು ಹೋಗಿಲ್ಲ. ನಮ್ಮಿಬ್ಬರ ಮಧ್ಯೆ ಇರೋದು ಇಪ್ಪತ್ತೋ ಮೂವತ್ತೋ ಸನ್ನೆ. ಉಂಡೆಯಾ, ಮಲಗು, ಹಸು, ನೀರು, ಅಪ್ಪ. ಅಷ್ಟರಲ್ಲೇ ಇಪ್ಪತ್ತನಾಲ್ಕು ವರ್ಷ ಕಳೆದೆವು. ಹಾಸನಕ್ಕೆ ಹೋದ ಮೇಲೆ ಜೊತೆಯವರಿಂದ ಈ ಕೈಮಾತು ಕಲಿತೆ ಅಂತ ಬರೆದಿದ್ದೆ, ನಾನು ಕಂಡಿರಲಿಲ್ಲ. ನಿನ್ನ ಬೆರಳು ಓಡಿದ್ದೇನು, ಹುಬ್ಬು ಕುಣಿದಿದ್ದೇನು! ಅವನ ಮಾತು ಮುಗಿಯೋಕೂ ಬಿಡದೆ ತಡೆದು ಜಗಳ ಆಡಿದೆ, ನಕ್ಕೆ. ನನ್ನ ಮಗಳು ಇಂಥಾ ವಟಗುಟ್ಟೋಳು ಅಂತ ನನಗೇ ಗೊತ್ತಿರಲಿಲ್ಲ. ಮೈ ಜುಂ ಅಂತು ಕಣವ್ವ. ನಿನ್ನೊಳಗೆ ಇಷ್ಟೊಂದು ಮಾತಿತ್ತಾ?

ಮದುವೆಯಾಗು. ನಿಮ್ಮಪ್ಪ ನನಗಿಂತ ಮೊದಲೇ ಒಪ್ಪಿ ಕೂತಿದ್ದಾರೆ. ರುದ್ರೇಶ ಅವನ ಅಪ್ಪ ಅವ್ವನನ್ನು ಕರಕೊಂಡು ಬರಲಿ. ಮಗು ಅತ್ತರೆ ಏಳೋಕೆ ನಾನಿಲ್ಲವಾ? ಬೇರೆ ಫೋನು ಮಾತ್ರ ಬೇಡ, ಇದೇ ಇರಲಿ.

ಭಾನುವಾರಕ್ಕೆ ಕಾಯ್ತಾ ಇರೋ
ನಿನ್ನ ಅವ್ವ,
ಲಕ್ಕಮ್ಮ

ವಿ.ಸೂ.: ಮರೆತು ಕೆಳಗೆ ಬರೀತಿಲ್ಲ, ಮೇಲೆ ಬರೆಯೋಕೆ ಧೈರ್ಯ ಸಾಲಲಿಲ್ಲ. ನಿನಗೆ ಏಳು ವರ್ಷ ಆಗಿದ್ದಾಗ ನಿನಗೆ ಅಕ್ಷರ ತಿದ್ದಿಸಿದ ಪಾಪಯ್ಯ ಮೇಷ್ಟ್ರು ಮನೆಗೆ ಬಂದು, ಕಿವಿ ಕೇಳದ ಮಕ್ಕಳ ಶಾಲೆಗೆ ಸೇರಿಸಿ, ಅಲ್ಲೇ ಉಳಿದು ಕೈಮಾತು ಕಲೀತಾಳೆ ಅಂದಿದ್ದರು. ಅಪ್ಪ ಕಳಿಸಲಿಲ್ಲ ಅಂತ ನಿನಗೆ ಹೇಳಿಕೊಂಡು ಬಂದಿದ್ದು ಸುಳ್ಳು. ನಿಮ್ಮಪ್ಪ ನಿನಗೆ ಎರಡು ಜೊತೆ ಬಟ್ಟೆ ಹೊಲಿಸಿ ತಂದಿದ್ದರು. ನಿನ್ನ ಬಿಟ್ಟಿರಲಾರದೆ ಬೇಡ ಅಂದವಳು ನಾನು.