ಅರಮನೆ ಪರದೆಯ ತೂತು

೧೪ ಜುಲೈ, ಭಾನುವಾರ

ನನ್ನ ಮುದ್ದು ಮಹಾರಾಣಿಗೆ,

ನೀನು ಚೆನ್ನಾಗಿದ್ದೀಯೆಂದೂ, ನಿನ್ನ ಮಂಡಿನೋವು ಅಷ್ಟು ಚೆನ್ನಾಗಿಲ್ಲವೆಂದೂ ನಂಬಿದ್ದೇನೆ. ಪತ್ರ ತಡವಾಯಿತು. ಬೈಯುವುದಾದರೆ ಪೂರ್ತಿ ಓದಿ ಬೈಯಿ, ಆಗ ಬೈಯಲು ಇನ್ನೂ ಒಳ್ಳೆಯ ಕಾರಣ ಸಿಗುತ್ತದೆ. ಅರ್ಧಂಬರ್ಧ ಸುದ್ದಿ ಬರೆದು ನಿನ್ನ ನಿದ್ದೆ ಕೆಡಿಸುವುದೇಕೆಂದು ಕಾದೆ. ಈಗ ಕೇಳು: ನಮ್ಮ ಅರಮನೆ ಉಳಿಯಿತು.

ನೀನು ರಾಣಿಯಾಗಿ ಮುಂದೆ ನಿಂತು ಅಳುತ್ತಿದ್ದೆಯಲ್ಲ, ನಾನು ಹಿಂದೆ ನಿಂತು ಹಗ್ಗ ಎಳೆಯುತ್ತಿದ್ದೆನಲ್ಲ, ಅರಮನೆಯ ಚಿತ್ರ ಬರೆದ ಅದೇ ಪರದೆ. ನಾಟಕದ ಕಂಪನಿ ಮುಚ್ಚಿದಾಗ ಉಳಿದವರು ಪೆಟ್ಟಿಗೆ, ಪಾತ್ರೆ ಹೊತ್ತುಕೊಂಡು ಹೋದರೆ ನಾನು ಪರದೆಗಳನ್ನು ಹೊತ್ತು ತಂದು, ಬಾಡಿಗೆಗೆ ಬಿಟ್ಟು ಬದುಕಿಕೊಂಡೆ. ಕಾಡು, ಬೀದಿ, ಸೆರೆಮನೆ ಎಲ್ಲ ಒಂದೊಂದಾಗಿ ಹರಿದುಹೋದವು. ಉಳಿದದ್ದು ಅರಮನೆ ಒಂದೇ, ಅದೂ ಸೋರುವ ತಗಡಿನ ಕೆಳಗೆ. ಗೋದಾಮಿನ ಮಾಲೀಕ ಜಾಗ ಖಾಲಿ ಮಾಡಿ ಎಂದು ಪ್ರಾಣ ತಿನ್ನುತ್ತಿದ್ದ. ಲಾರಿಯವನೊಬ್ಬ ಬಂದು, ಸಿಂಹಾಸನವನ್ನು ಹಿಡಿದು ಎಳೆದು ನೋಡಿ, "ಬಟ್ಟೆ ಗಟ್ಟಿ ಇದೆ ಅಮ್ಮಾ, ಮೂಟೆ ಮುಚ್ಚೋಕೆ ಆಗುತ್ತೆ" ಎಂದ. ನಾನು ಬೆಲೆ ಕೇಳಿದೆ. ಸಿಟ್ಟಾಗಬೇಡ. ಬೆಲೆ ಕೇಳುವುದು ನನ್ನ ಚಟ, ಅಷ್ಟೇ.

ಹಳೆಯ ಕಲಾವಸ್ತುಗಳನ್ನು ಉಳಿಸಲು ಸರ್ಕಾರ ಅನುದಾನ ಕೊಡುತ್ತದೆ ಎಂದು ಹೇಳಿದವನು ಪಕ್ಕದ ಟೈಲರ್. ಅರ್ಜಿ ಹಾಕಿದೆ. ಬಂದು ನೋಡುತ್ತೇವೆ ಎಂದು ಉತ್ತರವೂ ಬಂತು. ನಿನ್ನ ಅಕ್ಕ ಜಾಣತನ ಮಾಡಲು ಹೋದದ್ದು ಇಲ್ಲೇ.

ಬಾಡಿಗೆ ವ್ಯಾಪಾರದಲ್ಲಿ ಗಿರಾಕಿ ಮೊದಲು ಹುಡುಕುವುದು ತೂತನ್ನು. ತೂತು ಕಂಡರೆ ಅರ್ಧ ಬಾಡಿಗೆ. ಆ ಕಣ್ಣಿನಿಂದಲೇ ಪರದೆಯನ್ನು ನೋಡಿದೆ. ಸಿಂಹಾಸನದ ಪಕ್ಕದ ಕಂಬದಲ್ಲಿ ನಮ್ಮ ಹಳೆಯ ತೂತು. ಆಟ ಶುರುವಾಗುವ ಮೊದಲು ಎಲ್ಲರೂ ಸರದಿಯಲ್ಲಿ ಕಣ್ಣಿಟ್ಟು ಜನರನ್ನು ನೋಡುತ್ತಿದ್ದದ್ದು. ಬರುವವರು ದೊಡ್ಡವರು, ಚೆನ್ನಾಗಿ ಕಾಣಲಿ ಎಂದು ಅದಕ್ಕೊಂದು ತೇಪೆ ಹೊಲಿದು, ಮೇಲೆ ಬಣ್ಣ ಬಳಿದೆ. ಕಂಬ ಮದುಮಗನ ಹಾಗೆ ಹೊಳೆಯಿತು.

ಬಂದವರು ಇಬ್ಬರು. ಒಬ್ಬರು ನಗುವುದನ್ನು ಮನೆಯಲ್ಲೇ ಬಿಟ್ಟುಬಂದಂತಿದ್ದ ಅಧಿಕಾರಿ. ಇನ್ನೊಬ್ಬಳು ಹಳೆಯ ಚಿತ್ರಗಳನ್ನು ರಿಪೇರಿ ಮಾಡುವ ಹುಡುಗಿ. ನಾನು ಮನಸ್ಸಿನಲ್ಲೇ ಡಾಕ್ಟರಮ್ಮ ಎಂದು ಹೆಸರಿಟ್ಟೆ. ಅವಳು ಪರದೆಯುದ್ದಕ್ಕೂ ನಡೆದು ನೇರವಾಗಿ ಕಂಬದ ಮುಂದೆ ನಿಂತಳು.

"ಅಜ್ಜಿ, ಇದನ್ನ ಯಾವಾಗ ಮಾಡಿಸಿದ್ರಿ?"

"ಹಳೇದಮ್ಮ. ತುಂಬಾ ಹಳೇದು."

ಅವಳು ಬೆರಳಿಟ್ಟು, ಆ ಬೆರಳನ್ನು ನನಗೇ ತೋರಿಸಿದಳು. "ಇನ್ನೂ ಒಣಗೇ ಇಲ್ವಲ್ಲ!"

ಅಧಿಕಾರಿ ಕೈಯಲ್ಲಿದ್ದ ಫೈಲು ಮುಚ್ಚಿದರು. "ಏನಮ್ಮಾ ಇದು? ನಾವು ಹಣ ಕೊಡೋದು ಹಳೇದನ್ನ ಉಳಿಸೋಕೆ. ನೀವೇ ಹೊಸದು ಮಾಡಿಬಿಟ್ರೆ ಹೇಗೆ? ಈ ಬಣ್ಣ ಹಳೇ ಬಣ್ಣದೊಳಗೆ ಇಳಿದಿದ್ರೆ ಅರ್ಜಿ ಅಲ್ಲಿಗೇ ಮುಗೀತು."

ಸೆರಗಿನಿಂದ ನಾನೇ ಬಣ್ಣ ಒರೆಸಲು ಹೋದೆ, ಹುಡುಗಿ ತಡೆದಳು. ಅದನ್ನು ನೋಡಲು ನೀನಿರಬೇಕಿತ್ತು.

ಡಾಕ್ಟರಮ್ಮ ಮಂಡಿಯೂರಿ, ಒದ್ದೆ ಹತ್ತಿಯಿಂದ ಮೆಲ್ಲಗೆ ಒರೆಸತೊಡಗಿದಳು. ಬಣ್ಣ ಬಂತು, ಹತ್ತಿಗೆ ಹತ್ತಿ ಬಂತು, ಕೆಳಗೆ ಹಳೆಯ ಕಂಬ ಹಾಗೆಯೇ ಇತ್ತು!

"ಇದಕ್ಕೆ ಎಷ್ಟು ನೀರು ಬೆರೆಸಿದ್ರಿ ಅಜ್ಜಿ?"

"ಡಬ್ಬಿ ತಳದಲ್ಲಿ ಇದ್ದಿದ್ದೇ ಒಂಚೂರು. ಸಾಲಬೇಕಲ್ಲ!"

"ಮತ್ತೆ ಇದು? ಹೊಲಿಗೆ ಹಾಕಿದ್ದೀರೋ, ಹೊಲಿಗೆ ಹಾಕೋ ಹಾಗೆ ಅಭಿನಯ ಮಾಡಿದ್ದೀರೋ?"

ನೂಲು ಉಳಿಸಲು ಮಾರುದ್ದದ ಹೊಲಿಗೆ ಹಾಕಿದ್ದೆನಲ್ಲ, ಎಳೆದ ಕೂಡಲೇ ತೇಪೆ ನಿಟ್ಟುಸಿರುಬಿಟ್ಟು ಉದುರಿತು. ಜನ್ಮವಿಡೀ ನೀನು ಆಡಿಕೊಂಡು ನಕ್ಕ ಜಿಪುಣತನವೇ ಅರಮನೆಯನ್ನು ಕಾಪಾಡಿತು. ಇನ್ನು ಮೇಲೆ ಆ ವಿಷಯ ಎತ್ತುವಂತಿಲ್ಲ.

ತೂತಿನ ಅಂಚು ನೋಡಲು ಅವಳು ಮುಖ ಹತ್ತಿರ ತಂದಳು. ಸುತ್ತಲೂ ಕಾಡಿಗೆಯ ಕಪ್ಪು, ಮುಖಕ್ಕೆ ಬಳಿದುಕೊಳ್ಳುತ್ತಿದ್ದ ಕೆಂಪು, ಎಷ್ಟೋ ಜನರ ಕೆನ್ನೆ ಒತ್ತಿ ಒತ್ತಿ ಜಿಡ್ಡುಗಟ್ಟಿದ ಬಟ್ಟೆ. ಅದೇನೆಂದು ಹೇಳಿದೆ. "ಸರ್, ಇಡೀ ಪರದೆಯಲ್ಲಿ ಇದಕ್ಕೆ ಮಾತ್ರ ಯಾರೂ ಕೈ ಹಚ್ಚಬಾರದು" ಎಂದಳು. ಅಧಿಕಾರಿ ಪರದೆಯ ಹಿಂದಕ್ಕೆ ಹೋದರು. ಸ್ವಲ್ಪ ಹೊತ್ತಿಗೆ ತೂತಿನಲ್ಲಿ ಒಂದು ಕಣ್ಣು ಕಾಣಿಸಿತು.

"ಜನ ಹೇಗಿದ್ದಾರೆ ಸ್ವಾಮೀ?" ಬಾಯಿತಪ್ಪಿ ಹಳೆಯ ರೂಢಿಯಲ್ಲಿ ಕೇಳಿಬಿಟ್ಟೆ.

"ಒಬ್ಬರೇ ಇದ್ದಾರೆ. ಪಾಪ, ಬೆವರ್ತಾ ಇದ್ದಾರೆ."

ಮೊನ್ನೆ ಮಂಜೂರಾತಿ ಬಂತು. ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಪರದೆಗೆ ಹಿಂದಿನಿಂದ ಅಸ್ತರು ಬಟ್ಟೆ ಕೊಡುತ್ತಾರೆ, ತೂತಿನಷ್ಟು ಜಾಗ ಬಿಟ್ಟು. ಆಮೇಲೆ ಊರಿನ ವಸ್ತುಸಂಗ್ರಹಾಲಯದ ದೊಡ್ಡ ಹಾಲ್‌ನಲ್ಲಿ ತೂಗುಹಾಕುತ್ತಾರೆ, ಬಂದವರು ಹಿಂದೆಯೂ ಸುತ್ತಿ ಬರುವ ಹಾಗೆ. ಗೋದಾಮಿನ ಬೀಗದ ಕೈಯನ್ನು ಮಾಲೀಕನ ಕೈಗೆ ಎಸೆದು ಬಂದೆ. "ಆಗಾಗ ಬಂದು ಪರದೆ ಸುತ್ತೋದು ಹೇಳಿಕೊಡಿ ಅಜ್ಜಿ, ಬ್ರಷ್ ಮಾತ್ರ ತರಬೇಡಿ" ಎಂದಿದ್ದಾಳೆ ಡಾಕ್ಟರಮ್ಮ. ಎಷ್ಟೋ ಕಾಲದ ಮೇಲೆ ಮೋಡ ಕಂಡರೂ ಎದ್ದು ಕೂರದೆ ಮಲಗುತ್ತಿದ್ದೇನೆ.

ಮಂಡಿಗೆ ಬಿಸಿ ಶಾಖ ಕೊಡು, ಮಕ್ಕಳ ಮೇಲೆ ರೇಗಬೇಡ. ನಿನ್ನ ಗಂಟಲು ನೂರು ಕಾಲ ಗಟ್ಟಿಯಾಗಿರಲಿ, ನಿನ್ನ ಮನೆ ತುಂಬಿರಲಿ.

ನಿನ್ನ
ಅಕ್ಕ

ಮರೆತಿದ್ದೆ: ನಾನು ತೂತಿಗೆ ಕಣ್ಣಿಟ್ಟಾಗಲೆಲ್ಲ ನೀನು "ಅಕ್ಕ ಜನ ಎಣಿಸ್ತಾ ಇದ್ದಾಳೆ, ದುಡ್ಡಿನ ಪಿಶಾಚಿ" ಎಂದು ಎಲ್ಲರನ್ನೂ ನಗಿಸುತ್ತಿದ್ದೆ. ಎಷ್ಟು ಜನ ಎಂದು ಟಿಕೆಟ್ ಹರಿಯುವಾಗಲೇ ನನಗೆ ಗೊತ್ತಾಗುತ್ತಿತ್ತು, ಅದಕ್ಕೆ ತೂತು ಬೇಕಿರಲಿಲ್ಲ ಕಣೇ. ನಾನು ಹುಡುಕುತ್ತಿದ್ದದ್ದು ಅಪ್ಪನನ್ನು. ನಾಟಕ ಸೇರಿದ ಮೇಲೆ ನೀವಿಬ್ಬರೂ ನನ್ನ ಮಕ್ಕಳೇ ಅಲ್ಲ ಎಂದಿದ್ದರೂ, ಒಂದು ದಿನ ಹಿಂದಿನ ಸಾಲಿನಲ್ಲಾದರೂ ಬಂದು ಕೂರುತ್ತಾರೆಂದು ಅವರು ಸತ್ತ ಸುದ್ದಿ ಬರುವವರೆಗೂ ನೋಡಿದೆ. ತೂತಿನ ಕೆಳಗಿನ ಅಂಚಿನಲ್ಲಿ ಕಾಡಿಗೆ ಹೆಚ್ಚು. ಅಷ್ಟು ಕುಳ್ಳಗಿದ್ದವಳು ಕಂಪನಿಯಲ್ಲಿ ನೀನೊಬ್ಬಳೇ. ನೀನು ಯಾರನ್ನು ಹುಡುಕುತ್ತಿದ್ದೆ ಎಂದು ನಾನು ಆಗಲೂ ಕೇಳಲಿಲ್ಲ, ಈಗಲೂ ಕೇಳುವುದಿಲ್ಲ. ಹಾಲ್ ತೆರೆಯುವ ದಿನ ಬಾ. ನೀನು ಹಿಂದೆ ನಿಂತು ಕಣ್ಣಿಡು. ನಾನು ಮುಂದಿನ ಸಾಲಿನಲ್ಲಿ ಕೂತಿರುತ್ತೇನೆ. ಮನೆಯವರು ಬಂದಿದ್ದಾರೆ ಎಂದು ನೋಡಿಕೊ.